ಕ್ಯಾಂಪರ್‌ಗೆ ಹೊಸ ಟೈರ್: ಮೊದಲು ವೇ ಬ್ರಿಡ್ಜ್, ಆಮೇಲೆ ಟೈರ್ ಅಂಗಡಿ

"ಗ್ರಿಪ್ ಇನ್ನೂ ಚೆನ್ನಾಗೇ ಇದೆಯಲ್ಲೋ, ಸುಮ್ನೆ ಯಾಕೆ ದುಡ್ಡು ಹಾಳು ಮಾಡ್ತೀಯ?" ಕ್ಯಾಂಪರ್‌ನ, ಅಂದರೆ ಜೀಪಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆಗಾಡಿಯ ಟೈರ್ ಬದಲಾಯಿಸ್ತೀನಿ ಅಂದಾಗ ನಮ್ಮ ಭಾವ ಹೀಗೆ ಕೇಳಿದರು. ಕಾರಿನ ಲೆಕ್ಕದಲ್ಲಿ ಅವರ ಮಾತು ಸರಿ. ಕಾರಿನ ಟೈರ್ ಓಡಿ ಓಡಿ ಸವೆಯುತ್ತದೆ. ಹಿಂದೆ ಕಟ್ಟಿ ಎಳೆಯುವ ಕ್ಯಾಂಪರ್‌ನ ಟೈರ್ ಸವೆಯುವುದು ಅಪರೂಪ. ಅದು ನಿಂತಲ್ಲೇ ಮುದಿಯಾಗುತ್ತದೆ, ಆಮೇಲೆ ಯಾವತ್ತೋ ಒಂದು ದಿನ ಭಾರ ತಾಳದೆ ಒಡೆಯುತ್ತದೆ.

ನಮ್ಮದು ಆಲ್ದೂರು ಕಡೆ ಒಂದು ಸಣ್ಣ ಕಾಫಿ ತೋಟ. ಕ್ಯಾಂಪರ್ ಒಂದೇ ಆಕ್ಸಲ್‌ನದು, ಎರಡೇ ಚಕ್ರ, ಬೊಲೆರೊ ಎಳೆಯುತ್ತದೆ. ಒಳಗೆ ಹಾಸಿಗೆ, ಅಡುಗೆ ಕಟ್ಟೆ, ನೀರಿನ ಟ್ಯಾಂಕು, ಬ್ಯಾಟರಿ. ಕೊಯ್ಲು ಮುಗಿದು ಮಳೆ ಹಿಡಿಯುವ ತನಕ ತಿರುಗಾಟ. ಉಳಿದ ಕಾಲವೆಲ್ಲ ಶೆಡ್ಡಿನಲ್ಲಿ.

ಟೈರಿನ ವಯಸ್ಸು ಅದರ ಮೈಮೇಲೇ ಬರೆದಿರುತ್ತದೆ. ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಬೇಕು. ಮೊದಲೆರಡು ವಾರ, ಆಮೇಲಿನ ಎರಡು ವರ್ಷ. ನಮ್ಮದರಲ್ಲಿ 2216 ಅಂತ ಇತ್ತು. ಅಂದರೆ 2016ರ 22ನೇ ವಾರದಲ್ಲಿ ತಯಾರಾದದ್ದು. ಈ ಪೂರ್ತಿ ಸಂಖ್ಯೆ ಎಷ್ಟೋ ಟೈರ್‌ಗಳಲ್ಲಿ ಒಂದು ಬದಿಗೆ ಮಾತ್ರ ಇರುತ್ತದೆ. ನಮ್ಮದರಲ್ಲಿ ಅದು ಒಳಬದಿಗೆ ತಿರುಗಿ ಕೂತಿತ್ತು. ಚಾಪೆ ಹಾಸಿಕೊಂಡು ಟಾರ್ಚ್ ಹಿಡಿದು ಕೆಳಗೆ ತೂರಬೇಕಾಯಿತು. ಹೇಗೂ ಮಲಗಿದ್ದೇನಲ್ಲ ಅಂತ ಪಕ್ಕದ ಗೋಡೆಯನ್ನೂ ನೋಡಿದೆ. ಡಿಸ್ಕಿನ, ಅಂದರೆ ಟೈರ್ ಕೂರುವ ಲೋಹದ ಚಕ್ರದ ಅಂಚಿನ ಹತ್ತಿರ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಸುತ್ತಲೂ ಓಡಿದ್ದವು. ಹೆಬ್ಬೆರಳಿನಿಂದ ಒತ್ತಿದರೆ ಬಾಯಿ ಬಿಡುತ್ತಿದ್ದವು. ನೆಲಕ್ಕೆ ತಾಗುವ ಭಾಗದಲ್ಲಿ ಮಾತ್ರ ಗ್ರಿಪ್ ಧಾರಾಳವಾಗಿತ್ತು. ನಮ್ಮ ದೇಶದ ಕಾನೂನಿನಂತೆ ಕಾರಿನ ಟೈರಿಗೆ ಕನಿಷ್ಠ 1.6 ಮಿಲಿಮೀಟರ್ ಗ್ರಿಪ್ ಇದ್ದರೆ ಸಾಕು. ಆ ಪರೀಕ್ಷೆಯಲ್ಲಿ ಇವು ಆರಾಮಾಗಿ ಪಾಸಾಗುತ್ತಿದ್ದವು. ಆದರೆ ಕ್ಯಾರವಾನ್ ಜಾಸ್ತಿ ಇರುವ ಬ್ರಿಟನ್‌ನಲ್ಲಿ ಐದು ವರ್ಷಕ್ಕೆ ಟೈರ್ ಬದಲಾಯಿಸಿ, ಏಳು ದಾಟಿಸಲೇಬೇಡಿ ಅನ್ನುವುದು ರೂಢಿಯ ಸಲಹೆ. ಗ್ರಿಪ್ ನೋಡಿ ನಿರ್ಧಾರ ಮಾಡುವ ಮಾತು ಅಲ್ಲಿ ಬರುವುದೇ ಇಲ್ಲ.

ಬದಲಾಯಿಸಬೇಕು ಅಂತ ಆದ ಮೇಲೆ ಅದೇ ಸೈಜಿನದು ತಂದು ಹಾಕಿದರೆ ಮುಗಿಯಿತು ಅಂತ ಅನಿಸುತ್ತದೆ. ಆದರೆ ಈ ಕ್ಯಾಂಪರ್ ಕಟ್ಟಿಕೊಟ್ಟವರು ಯಾವ ಲೆಕ್ಕದ ಮೇಲೆ ಆ ಟೈರ್ ಹಾಕಿದರು ಅನ್ನುವುದಕ್ಕೆ ನನ್ನ ಹತ್ತಿರ ಯಾವ ಕಾಗದವೂ ಇರಲಿಲ್ಲ. ಅದಕ್ಕೇ ಮೊದಲು ತೂಕ ಮಾಡಿಸಿದೆ. ಚಿಕ್ಕಮಗಳೂರಿನ ಹೊರವಲಯದಲ್ಲಿ ಲಾರಿ ತೂಗುವ ವೇ ಬ್ರಿಡ್ಜ್ ಇವೆ. ತಟ್ಟೆ ನೆಲಕ್ಕೆ ಸಮನಾಗಿರುವುದನ್ನು ಹುಡುಕಿಕೊಂಡು ಹೋದೆ. ಪ್ರವಾಸಕ್ಕೆ ಹೊರಡುವಾಗ ಏನೇನು ತುಂಬುತ್ತೇವೋ ಅಷ್ಟನ್ನೂ ತುಂಬಿಕೊಂಡು ಹೋಗಬೇಕು, ಖಾಲಿ ಗಾಡಿ ತೂಗಿ ಪ್ರಯೋಜನವಿಲ್ಲ. ಟ್ಯಾಂಕಿನಲ್ಲಿ 80 ಲೀಟರ್ ನೀರು ಅಂದರೆ ಅದೇ 80 ಕೆಜಿ. ಮನೆಯ ಗ್ಯಾಸ್ ಸಿಲಿಂಡರಿನಲ್ಲಿ 14.2 ಕೆಜಿ ಗ್ಯಾಸು, ಉಕ್ಕಿನ ತೂಕ ಸೇರಿದರೆ ಹೆಚ್ಚುಕಡಿಮೆ 30 ಕೆಜಿ. ಪಾತ್ರೆ ಪಡಗ, ಕುರ್ಚಿ, ಮಕ್ಕಳ ಸೈಕಲ್ಲು ಬೇರೆ.

ಬೊಲೆರೊವನ್ನು ತಟ್ಟೆಯಿಂದ ಆಚೆ ನಿಲ್ಲಿಸಿ, ಕೊಂಡಿ ಬಿಚ್ಚದೆ, ಕ್ಯಾಂಪರ್‌ನ ಚಕ್ರ ಮಾತ್ರ ಮೇಲಿರುವಂತೆ ಮಾಡಿದಾಗ 1,040 ಕೆಜಿ ಬಂತು. ಆಮೇಲೆ ಸ್ವಲ್ಪ ಹಿಂದೆ ಮುಂದೆ ಮಾಡಿ ಎಡಚಕ್ರ ಮಾತ್ರ ತಟ್ಟೆಯ ಮೇಲೆ, ಬಲಚಕ್ರ ನೆಲದ ಮೇಲೆ ಇರುವಂತೆ ನಿಲ್ಲಿಸಿದೆ. ತೂಕದವನು "ಏನ್ ಸಾರ್, ಅರ್ಧ ಗಾಡಿ ತೂಗಿಸ್ತೀರಾ?" ಅಂತ ನಕ್ಕ. ಎಡಕ್ಕೆ 560. ಅಲ್ಲಿಗೆ ಬಲಕ್ಕೆ 480. ಅಡುಗೆ ಕಟ್ಟೆ, ನೀರು, ಬ್ಯಾಟರಿ ಮೂರೂ ಎಡಬದಿಗೇ ಇವೆ, ವ್ಯತ್ಯಾಸ ಬಾರದೆ ಇರುತ್ತದಾ?

ಈಗ ಹಳೇ ಟೈರಿನ ಮೇಲಿನ ಅಂಕಿ ನೋಡಿ. 165/80 ಆರ್ 14, 85. ಇದು ಕಾರಿನ ಟೈರ್. 165 ಅಂದರೆ ಮಿಲಿಮೀಟರ್‌ನಲ್ಲಿ ಟೈರಿನ ಅಗಲ, 14 ಅಂದರೆ ಇಂಚಿನಲ್ಲಿ ಡಿಸ್ಕಿನ ಅಳತೆ. ಕೊನೆಯ 85 ಅನ್ನುವುದು ಭಾರದ ಸೂಚ್ಯಂಕ. ಪಟ್ಟಿಯಲ್ಲಿ 85ಕ್ಕೆ 515 ಕೆಜಿ. ಎರಡಕ್ಕೂ ಸೇರಿಸಿದರೆ 1,030. ಮೇಲಿರುವ ಭಾರ 1,040. ಎಡಚಕ್ರ ಒಂದೇ ತನ್ನ ಶಕ್ತಿಗಿಂತ 45 ಕೆಜಿ ಜಾಸ್ತಿ ಹೊತ್ತಿತ್ತು. ಇನ್ನೂ ಒಂದು ಮಾತಿದೆ. ಅಮೆರಿಕದ ನಿಯಮದಲ್ಲಿ ಕಾರಿನ ಟೈರನ್ನು ಟ್ರೈಲರ್‌ಗೆ ಹಾಕುವುದಾದರೆ ಅದರ ಶಕ್ತಿಯನ್ನು 1.10ರಿಂದ ಭಾಗಿಸಿ ಕಡಿಮೆ ಲೆಕ್ಕ ಹಿಡಿಯಬೇಕು. ಆ ಲೆಕ್ಕದಲ್ಲಿ 515 ಹೋಗಿ 468 ಆಗುತ್ತದೆ. ತೂಕದ ಚೀಟಿಯನ್ನು ಭಾವನ ಮುಂದೆ ಹಿಡಿದೆ. ಆಮೇಲೆ ಗ್ರಿಪ್ಪಿನ ಮಾತು ಬರಲಿಲ್ಲ.

ಅಮೆರಿಕದಲ್ಲಿ ಟ್ರೈಲರ್‌ಗೆ ಅಂತಲೇ ಎಸ್‌ಟಿ ಅನ್ನುವ ಜಾತಿಯ ಟೈರ್ ಇದೆ. ನಮ್ಮ ಕಡೆ ಅದನ್ನು ಹುಡುಕುತ್ತಾ ಕೂರಬೇಡಿ. ನಮಗೆ ಸಿಗುವುದು ಮತ್ತು ಸಾಲುವುದು ಎಲ್‌ಟಿ. ಸಣ್ಣ ಗೂಡ್ಸ್ ಗಾಡಿಗಳಿಗೆ ಹಾಕುವ ಟೈರ್. ಎಂಆರ್‌ಎಫ್, ಅಪೊಲೊ, ಜೆಕೆ, ಸಿಯೆಟ್ ಎಲ್ಲರೂ ಮಾಡುತ್ತಾರೆ. ನನ್ನ ಮುಂದೆ ಎರಡು ದಾರಿ ಇದ್ದವು. ಒಂದು 165 ಆರ್ 14 ಎಲ್‌ಟಿ, 8 ಪಿಆರ್ (ಪಿಆರ್ ಅಂದರೆ ಟೈರಿನ ಗಟ್ಟಿತನದ ದರ್ಜೆ). ಇನ್ನೊಂದು 185 ಆರ್ 14 ಎಲ್‌ಟಿ, 8 ಪಿಆರ್. ಎರಡನೆಯದು ದಪ್ಪ, ಒಂದೊಂದು 850 ಕೆಜಿ ಹೊರುತ್ತದೆ. ಅಂಗಡಿಯವರೂ ಅದನ್ನೇ ಹೇಳಿದರು. ಆದರೆ ಅದರ ಎತ್ತರ 650 ಮಿಲಿಮೀಟರ್ ಹತ್ತಿರ. ಹಳೆಯದು 620. ಅಂದರೆ ಚಕ್ರದ ಗೂಡಿನಲ್ಲಿ ಮೇಲ್ಗಡೆ ಒಂದೂವರೆ ಸೆಂಟಿಮೀಟರ್ ಜಾಗ ಕಡಿಮೆಯಾಗುತ್ತದೆ. ಗುಂಡಿಗೆ ಇಳಿದಾಗ ಸ್ಪ್ರಿಂಗ್ ಒತ್ತಿ ಟೈರ್ ಮೇಲಿನ ತಗಡಿಗೆ ಉಜ್ಜುವುದು ಖಂಡಿತ. ಮಳೆಗಾಲ ಕಳೆದ ಮೇಲೆ ಮೂಡಿಗೆರೆ ರಸ್ತೆಯಲ್ಲಿ ಓಡಾಡಿದವರಿಗೆ ಗುಂಡಿ ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ.

ಅದಕ್ಕೆ 165ರ ಎಲ್‌ಟಿಯನ್ನೇ ಆರಿಸಿದೆ. ಎತ್ತರ ಹಳೆಯದರಷ್ಟೇ. ನಾನು ತಂದದ್ದರ ಮೇಲೆ 97/95 ಅಂತ ಇದೆ. ಎರಡು ಅಂಕಿ ಇದ್ದರೆ ಮೊದಲನೆಯದು ಒಂಟಿ ಚಕ್ರಕ್ಕೆ, ಎರಡನೆಯದು ಲಾರಿಯ ಹಾಗೆ ಜೋಡಿ ಚಕ್ರ ಹಾಕಿದಾಗ. ನಮ್ಮದು ಒಂಟಿ, ಹಾಗಾಗಿ 97, ಅಂದರೆ 730 ಕೆಜಿ. ಎಡಬದಿಯ 560ಕ್ಕೆ ಬೇಕಾದಷ್ಟು ಅವಕಾಶ ಸಿಕ್ಕಿತು. ಹಾಗಂತ ಇನ್ನೊಂದು ಮೂಟೆ ತುಂಬಬಹುದು ಅಂತಲ್ಲ. ಟೈರ್ ಗಟ್ಟಿಯಾದ ಮಾತ್ರಕ್ಕೆ ಆಕ್ಸಲ್ಲು, ಡಿಸ್ಕು ಗಟ್ಟಿಯಾಗುವುದಿಲ್ಲ. ಡಿಸ್ಕಿನ ಮೇಲೂ ಎಷ್ಟೋ ಸಲ ಭಾರದ ಅಂಕಿ ಒತ್ತಿರುತ್ತಾರೆ, ನೋಡಿಕೊಳ್ಳಬೇಕು. ನಮ್ಮದು ಮೊದಲಿಂದಲೂ ಗೂಡ್ಸ್ ಗಾಡಿಯ ಡಿಸ್ಕೇ. ಅದಕ್ಕೆ ಕಾರಿನ ಟೈರ್ ತೊಡಿಸಿದ್ದರು ಅಷ್ಟೆ.

ಟ್ರ್ಯಾಕ್ಟರ್ ಟ್ರೈಲರ್ ಇಟ್ಟುಕೊಂಡವರು ನೈಲಾನ್ ಟೈರ್ ಹಾಕಿಸಿ ಅಂತಾರೆ. ಪಕ್ಕ ಗಟ್ಟಿ, ತೋಟದ ಕಲ್ಲಿಗೆ ಹೆದರುವುದಿಲ್ಲ, ನಿಜ. ಹೈವೇಯಲ್ಲಿ ಮಾತ್ರ ಈಗಿನ ಕಾರುಗಳಲ್ಲಿರುವ ರೇಡಿಯಲ್‌ಗಿಂತ ಜಾಸ್ತಿ ಬಿಸಿಯಾಗುತ್ತದೆ. ನಾನು ರೇಡಿಯಲ್‌ಗೇ ನಿಂತೆ. ದೊಡ್ಡ ದೊಡ್ಡ ಹಲ್ಲಿನ ಕೆಸರಿನ ಟೈರೂ ಬೇಡ. ಕ್ಯಾಂಪರ್‌ನ ಚಕ್ರ ಗಾಡಿಯನ್ನು ತಳ್ಳುವುದಿಲ್ಲ, ಸುಮ್ಮನೆ ಹಿಂದೆ ಉರುಳುತ್ತದೆ. ಕೆಸರಿನಲ್ಲಿ ಕಿತ್ತುಕೊಂಡು ಬರಬೇಕಾದದ್ದು ಬೊಲೆರೊ. ಸವೆದ ಟೈರಿಗೆ ಹೊಸ ಗ್ರಿಪ್ ಅಂಟಿಸಿ ರೀಸೋಲ್ ಮಾಡಿಸಿದ್ದಂತೂ ಕೇಳಲೇಬೇಡಿ.

ಅಂಗಡಿಯಲ್ಲಿ ಜಗಳ ಆದದ್ದು ತಾರೀಕಿನ ಮೇಲೆ. ಮೊದಲು ತಂದು ಇಟ್ಟ ಜೋಡಿ ಎರಡು ವರ್ಷ ಹಿಂದಿನದು. "ಟೈರ್ ಏನು ಹಾಲಾ ಸಾರ್, ಕೆಡೋಕೆ?" ಅಂದ ಹುಡುಗ. ದಿನಾ ಓಡುವ ಗೂಡ್ಸ್ ಗಾಡಿಗೆ ಅವನ ಮಾತು ನಡೆಯುತ್ತದೆ, ತಾರೀಕು ಮುಗಿಯುವುದರೊಳಗೆ ಗ್ರಿಪ್ಪೇ ಮುಗಿದಿರುತ್ತದೆ. ನನಗೆ ಖರ್ಚಾಗುವುದು ವಯಸ್ಸೇ. ಐದಾರು ವರ್ಷದ ಆಯಸ್ಸಿನಲ್ಲಿ ಎರಡು ಅಂಗಡಿಯ ಅಟ್ಟದಲ್ಲೇ ಕಳೆದಿದ್ದರೆ ಪೂರ್ತಿ ದುಡ್ಡು ಯಾಕೆ ಕೊಡಲಿ? ಹೊಸ ಮಾಲು ಬರುವ ತನಕ ಕಾದೆ. ಮೂರೂ ಒಂದೇ ಕಂಪನಿ, ಒಂದೇ ಅಂಕಿ. ಮೂರನೆಯದು ಸ್ಟೆಪ್ನಿಗೆ. ಹಿಂಭಾಗದಲ್ಲಿ ಬಿಸಿಲಿಗೆ ಮೈಯೊಡ್ಡಿ ನೇತಾಡುವ ಸ್ಟೆಪ್ನಿಯೇ ಎಲ್ಲಕ್ಕಿಂತ ಬೇಗ ಒಣಗುವುದು. ಐಎಸ್‌ಐ ಗುರುತು ಇದೆಯಾ ಅಂತಲೂ ನೋಡಿದೆ.

ಇಡೀ ಕ್ಯಾಂಪರ್ ಎಳೆದುಕೊಂಡು ಪೇಟೆಗೆ ಹೋಗಲಿಲ್ಲ. ಮನೆಯಲ್ಲೇ ಚಕ್ರ ಬಿಚ್ಚಿ, ಬೊಲೆರೊದಲ್ಲಿ ಹಾಕಿಕೊಂಡು ಹೋದೆ. ಬಿಚ್ಚುವಾಗ ಕ್ಯಾಂಪರ್ ಬೊಲೆರೊಗೆ ಕಟ್ಟಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ, ಆಚೆ ಚಕ್ರಕ್ಕೆ ಹಿಂದೆ ಮುಂದೆ ಎರಡೂ ಕಡೆ ಕಲ್ಲು ಕೊಟ್ಟಿರಲಿ. ಚಕ್ರ ನೆಲದ ಮೇಲಿರುವಾಗಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಬೇಕು. ಜಾಕ್ ಇಡಬೇಕಾದದ್ದು ಆಕ್ಸಲ್ಲಿಗೆ, ಸ್ಪ್ರಿಂಗಿನ ಯು ಬೋಲ್ಟ್ ಹತ್ತಿರ. ನಾಲ್ಕು ಮೂಲೆಯಲ್ಲಿ ಇಳಿಬಿಡುವ ಕಾಲುಗಳಿವೆಯಲ್ಲ, ಅವು ಅಲುಗಾಡದಂತೆ ನಿಲ್ಲಿಸಲು ಮಾತ್ರ, ಭಾರ ಎತ್ತಲು ಅಲ್ಲ. ನಮ್ಮ ತೋಟದ ಮಣ್ಣಿನಲ್ಲಿ ಜಾಕ್ ತಾನೇ ಕೆಳಗಿಳಿಯುತ್ತದೆ, ಗಾಡಿ ಮೇಲೇಳುವುದಿಲ್ಲ. ಅಡಿಯಲ್ಲಿ ದಪ್ಪ ಹಲಗೆ ಹಾಕಿದೆ. ಎತ್ತಿದ ಮೇಲೆ ಆಕ್ಸಲ್ ಕೆಳಗೆ ಸ್ಟ್ಯಾಂಡ್ ಕೊಟ್ಟೆ. ಎರಡೂ ಬದಿ ಸ್ಟ್ಯಾಂಡ್ ಮೇಲೆ ಕೂತ ಮೇಲೆಯೇ ಮುಂದಿನ ಕಾಲು ಇಳಿಸಿ, ಬೊಲೆರೊ ಬಿಡಿಸಿದ್ದು. ಇಟ್ಟಿಗೆ, ಜಂಬಿಟ್ಟಿಗೆ ಜೋಡಿಸಬೇಡಿ, ಹೇಳದೆ ಕೇಳದೆ ಸೀಳುತ್ತವೆ.

ಚಕ್ರ ತೆಗೆದ ಮೇಲೆ ಹಬ್ ಬೇರಿಂಗ್ ನೋಡದೆ ಬಿಡಬಾರದು. ಕೈಯಿಂದ ತಿರುಗಿಸಿದಾಗ ಬಲಬದಿ ಸದ್ದಿಲ್ಲದೆ ತಿರುಗಿತು. ಎಡಬದಿಯಲ್ಲಿ ಕರಕರ ಅಂತು. ಮುಚ್ಚಳ ತೆಗೆದರೆ ಗ್ರೀಸು ಕಾಫಿ ಚರಟದ ಬಣ್ಣಕ್ಕೆ ತಿರುಗಿತ್ತು, ನೀರು ಹೋಗಿರುವ ಗುರುತು. ಬೇರಿಂಗ್, ಸೀಲ್ ಎರಡನ್ನೂ ಹೊಸದು ಹಾಕಿದೆ. ಬೇರಿಂಗಿನ ನಟ್ ಬಿಗಿ ಮಾಡುವಾಗ ಹಬ್ಬನ್ನು ತಿರುಗಿಸುತ್ತಾ ಬಿಗಿ ಮಾಡಿ, ಮತ್ತೆ ಸಡಿಲಿಸಿ, ಬೆರಳಿನಲ್ಲಿ ಎಷ್ಟು ಬಿಗಿಯಾಗುತ್ತದೋ ಅಷ್ಟಕ್ಕೆ ನಿಲ್ಲಿಸಿ ಆ ನಟ್ ತಿರುಗದಂತೆ ಹಿಡಿಯುವ ಸ್ಪ್ಲಿಟ್ ಪಿನ್ ಹೊಸದು ಹಾಕಬೇಕು. ಹಳೇ ಪಿನ್ ಅನ್ನೇ ನೆಟ್ಟಗೆ ಮಾಡಿ ಮತ್ತೆ ತೂರಿಸುವುದು ಜಿಪುಣತನದ ಪರಮಾವಧಿ.

ಅಂಗಡಿಯಲ್ಲಿ ನಾನು ಒತ್ತಾಯ ಮಾಡಿದ್ದು ವಾಲ್ವ್ ವಿಷಯಕ್ಕೆ. ಕಾರಿಗೆ ಒತ್ತಿ ತೂರಿಸುವ ಸಾಮಾನ್ಯ ರಬ್ಬರ್ ವಾಲ್ವ್ 65 ಪಿಎಸ್‌ಐವರೆಗೆ ಮಾತ್ರ. 8 ಪಿಆರ್ ಟೈರಿನ ಗರಿಷ್ಠ ಗಾಳಿಯೂ ಅಷ್ಟರಲ್ಲೇ ಇದೆ. ಅಂಚಿನಲ್ಲಿ ನಡೆಯುವುದು ಯಾಕೆ ಅಂತ ನಟ್ ಹಾಕಿ ಬಿಗಿಯುವ ಲೋಹದ ವಾಲ್ವ್ ಹಾಕಿಸಿದೆ. ಗಾಳಿ ಅಳೆಯುವ ಸೆನ್ಸರ್ ಮುಚ್ಚಳ ತಿರುಗಿಸಿ ಕೂರಿಸಲೂ ಇದೇ ಸರಿ, ರಬ್ಬರ್ ವಾಲ್ವ್ ಆ ಭಾರಕ್ಕೆ ತೊನೆಯುತ್ತದೆ. ಆ ಸೆನ್ಸರ್ ಯಾಕೆ ಬೇಕು ಅಂದರೆ, ಕ್ಯಾಂಪರ್ ಟೈರ್ ಗಾಳಿ ಬಿಟ್ಟರೆ ಮುಂದೆ ಕೂತವನಿಗೆ ಗೊತ್ತೇ ಆಗುವುದಿಲ್ಲ. ಸ್ಟೇರಿಂಗ್ ಎಳೆಯುವುದಿಲ್ಲ, ಸದ್ದು ಕೇಳುವುದಿಲ್ಲ. ಗೊತ್ತಾಗುವ ಹೊತ್ತಿಗೆ ಹರಿದ ರಬ್ಬರು ಚಕ್ರದ ಗೂಡು, ವೈರು, ಪೈಪು ಎಲ್ಲವನ್ನೂ ಬಡಿದು ಹಾಕಿರುತ್ತದೆ.

"ಹಿಂದೆ ಎಳೆಯೋ ಗಾಡಿಗೆ ಬ್ಯಾಲೆನ್ಸಿಂಗ್ ಯಾಕೆ ಸಾರ್?" ಅಂದರು. ಮಾಡಿಸಿದೆ. ಕಪಾಟಿನ ತಟ್ಟೆ ಲೋಟ ಅಷ್ಟರ ಮಟ್ಟಿಗೆ ಕಡಿಮೆ ಕುಣಿಯುತ್ತವೆ.

ವಾಪಸ್ ಹಾಕುವಾಗ ನಟ್‌ನ ಇಳಿಜಾರು ಬದಿ ಡಿಸ್ಕಿನ ಕಡೆಗೆ. ಒಂದರ ಪಕ್ಕ ಒಂದು ಬಿಗಿಯದೆ ಎದುರುಬದುರು ಹೋಗಬೇಕು. ಕೊನೆಯ ಬಿಗಿ ಚಕ್ರ ನೆಲ ಮುಟ್ಟಿದ ಮೇಲೆ. 12 ಮಿಲಿಮೀಟರ್ ಬೋಲ್ಟಿಗೆ ಸಾಮಾನ್ಯವಾಗಿ 90ರಿಂದ 110 ನ್ಯೂಟನ್ ಮೀಟರ್. ಬಿಗಿ ಎಷ್ಟಾಯಿತು ಅಂತ ಅಳೆಯುವ ಟಾರ್ಕ್ ಪಾನಾ ಇಟ್ಟುಕೊಂಡರೆ ಒಳ್ಳೆಯದು. ಪಾನಾದ ಮೇಲೆ ಹತ್ತಿ ಕುಣಿದು ಬಿಗಿ ಮಾಡುವ ಪದ್ಧತಿ ನಮ್ಮಲ್ಲಿ ಇದೆ, ಆಮೇಲೆ ರಸ್ತೆಯಲ್ಲಿ ಬಿಚ್ಚಲು ಆಗುವುದಿಲ್ಲ, ಬೋಲ್ಟೂ ಹಿಗ್ಗುತ್ತದೆ.

ಗಾಳಿಗೆ ಟೈರ್ ಕಂಪನಿಯ ಭಾರದ ಪಟ್ಟಿ ನೋಡಬೇಕು. ನಮ್ಮ 560 ಕೆಜಿಗೆ 45 ಪಿಎಸ್‌ಐ ಆಸುಪಾಸು ಸಾಕಾಗುತ್ತದೆ, ನಾನು 50 ಇಡುತ್ತೇನೆ. ಎರಡೂ ಬದಿಗೆ ಒಂದೇ. ನೋಡುವುದು ಬೆಳಿಗ್ಗೆ, ಟೈರ್ ತಣ್ಣಗಿರುವಾಗ. ಓಡಿದ ಮೇಲೆ ನಾಲ್ಕಾರು ಪಿಎಸ್‌ಐ ಏರುವುದು ಸಹಜ. ಜಾಸ್ತಿ ಆಯಿತು ಅಂತ ದಾರಿಯಲ್ಲಿ ಇಳಿಸಬಾರದು.

ಮೊದಲ ಓಡಾಟದಲ್ಲಿ ಬೇಲೂರಿನಲ್ಲಿ ನಿಲ್ಲಿಸಿ ನಟ್‌ಗಳ ಬಿಗಿ ಮತ್ತೆ ನೋಡಿದೆ. ಎಡಬದಿಯಲ್ಲಿ ಎರಡು ಸ್ವಲ್ಪ ಸಡಿಲವಾಗಿದ್ದವು. ಹೊಸದಾಗಿ ಹಾಕಿದ ಚಕ್ರಕ್ಕೆ 50 ಕಿಲೋಮೀಟರ್ ಒಳಗೆ ಇದನ್ನು ಮಾಡಲೇಬೇಕು. ಹಬ್ ಮೇಲೆ ಕೈ ಇಟ್ಟೂ ನೋಡಿದೆ, ಬೆಚ್ಚಗಿತ್ತು ಅಷ್ಟೆ.

ಜನ ಚಾರ್ಮಾಡಿ, ಶಿರಾಡಿ ಅಂದರೆ ಟೈರಿಗೆ ಹೆದರುತ್ತಾರೆ. ಘಾಟಿಯಲ್ಲಿ ವೇಗವೇ ಇಲ್ಲ, ಟೈರ್ ಅಷ್ಟು ಕಾಯುವುದಿಲ್ಲ. ಅಲ್ಲಿನ ಅಪಾಯ ಬೇರೆ. ತಿರುವಿನಲ್ಲಿ ಕ್ಯಾಂಪರ್ ಬೊಲೆರೊಗಿಂತ ಒಳಗೆ ಕತ್ತರಿಸಿಕೊಂಡು ಬರುತ್ತದೆ, ಒಳಚಕ್ರ ಟಾರಿನ ಅಂಚಿನಿಂದ ಕೆಳಗಿಳಿದು ಮತ್ತೆ ಹತ್ತುತ್ತದೆ. ಪಕ್ಕದ ಗೋಡೆ ಸೀಳುವುದು ಆಗ. ಟೈರನ್ನು ಬೇಯಿಸುವುದು ಹಾಸನ ದಾಟಿದ ಮೇಲೆ ಸಿಗುವ ನೇರ ರಸ್ತೆ. ಏಪ್ರಿಲ್ ಮಧ್ಯಾಹ್ನ ಚನ್ನರಾಯಪಟ್ಟಣದ ಕಡೆ 90ರಲ್ಲಿ ಎಳೆದರೆ, ಗಾಳಿ ಕಡಿಮೆ ಇದ್ದು ಭಾರವೂ ಜಾಸ್ತಿ ಇದ್ದರೆ, ಎಂಥ ಟೈರೂ ಉಳಿಯುವುದಿಲ್ಲ. ನಾನು 70 ದಾಟುವುದಿಲ್ಲ.

ಮಳೆಗಾಲಕ್ಕೆ ಆಕ್ಸಲ್ಲನ್ನು ಸ್ಟ್ಯಾಂಡ್ ಮೇಲೆ ಕೂರಿಸಿ ಟೈರ್‌ಗೆ ಭಾರ ಬೀಳದಂತೆ ಮಾಡುತ್ತೇನೆ, ಬಿಸಿಲು ಬೀಳುವ ಬದಿಗೆ ಗೋಣಿ ಹೊದಿಸುತ್ತೇನೆ. ತೋಟಕ್ಕೆ ಸಿಂಪಡಿಸುವ ತಾಮ್ರದ ಔಷಧಿ, ಬೋರ್ಡೋ ದ್ರಾವಣದ ಡ್ರಮ್ಮು ಮೊದಲು ಅದೇ ಶೆಡ್ಡಿನಲ್ಲಿ ಇರುತ್ತಿತ್ತು, ಈಗ ಆಚೆ ಹಾಕಿಸಿದ್ದೇನೆ. ತಾಮ್ರಕ್ಕೂ ರಬ್ಬರಿಗೂ ಆಗಿಬರುವುದಿಲ್ಲ.

ಹಳೇ ಟೈರ್‌ಗಳಿಗೆ ಅಂಗಡಿಯವರು ಒಂದಿಷ್ಟು ದುಡ್ಡು ಕೊಡುತ್ತೇವೆ ಅಂದರು. ಗ್ರಿಪ್ ನೋಡಿ ಯಾರಾದರೂ ತಮ್ಮ ಗಾಡಿಗೆ ಹಾಕಿಸಿಕೊಳ್ಳುತ್ತಾರೆ ಅಂತ ಕೊಡಲಿಲ್ಲ. ಪಕ್ಕದ ಗೋಡೆಗೆ ಗರಗಸ ಹಾಕಿ ಸೀಳಿದೆ. ಒಂದು ಈಗ ಗೇಟಿನ ಕಂಬಕ್ಕೆ ಲಾರಿ ತಾಗದ ಹಾಗೆ ಕಟ್ಟಿದೆ, ಇನ್ನೊಂದು ಪಂಪ್‌ಸೆಟ್ ಅಡಿಯಲ್ಲಿದೆ.