ಕುಮಟೆಯಿಂದ ತಿರುಗಿ ಕುಮಟೆಗೆ: 400 ಕಿ.ಮೀ. ತುಳಿದ ಮೇಲೆ ಸೈಕಲ್ ಸಮೇತ ಮನೆ ಮುಟ್ಟಿದ್ದು

ಬೆಳಿಗ್ಗೆ 6ಕ್ಕೆ ಮಂಗಳೂರು ಬಿಟ್ಟವನು ಕುಮಟಾ ಮುಟ್ಟಿದಾಗ ಸಂಜೆ ಐದೂವರೆ. ಹೆಚ್ಚುಕಡಿಮೆ 200 ಕಿ.ಮೀ. ಆಗಿತ್ತು. ಅಲ್ಲಿಂದ ಶಿರಸಿಗೆ, ಅಂದ್ರೆ ನಮ್ಮ ಮನೆಗೆ, ಬರೀ 60 ಕಿ.ಮೀ. ಆದರೆ ನಾನು ಹೋಗಬೇಕಾಗಿದ್ದು ವಾಪಸ್ ಮಂಗಳೂರಿಗೆ. ಚಾ ಕುಡೀತಾ ಅಮ್ಮನಿಗೆ ಫೋನ್ ಮಾಡಿದೆ. "ಕುಮಟೆವರೆಗೆ ಬಂದವ ಮನೆಗೇ ಬಂದ್ಬಿಡೋ ಮಾರಾಯಾ, ತಿರುಗಿ ಎಂತಕೆ ಹೋಗ್ತೆ?" ಅಂದಳು. ಈ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಸರಿಯಾದ ಉತ್ತರ ಇಲ್ಲ.

ಗೊತ್ತಿಲ್ಲದವರಿಗೆ: ಇದು ಬ್ರೆವೆ ಅನ್ನೋ ದೂರದ ಸೈಕಲ್ ಸವಾರಿ. ರೇಸ್ ಅಲ್ಲ, ಫಸ್ಟು ಸೆಕೆಂಡು ಇಲ್ಲ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಅಷ್ಟರೊಳಗೆ ಮುಗಿಸಿದರೆ ಆಯಿತು. ದಾರಿಯಲ್ಲಿ ಪಂಕ್ಚರ್ ಆದರೂ ಹಸಿವಾದರೂ ನಮ್ಮ ಪಾಡು ನಮ್ಮದು. ರಾತ್ರಿ ಲೈಟು, ರಿಫ್ಲೆಕ್ಟರ್ ಜಾಕೆಟ್ ಇರಲೇಬೇಕು. ಇದನ್ನೆಲ್ಲ ನಿಯಮದಲ್ಲಿ ಚೆನ್ನಾಗಿ ಬರೆದಿದ್ದಾರೆ. ಮುಗಿದ ಮೇಲೆ ಸೈಕಲ್ ಮತ್ತು ನೀವು ಮನೆಗೆ ಹೋಗೋದು ಹೇಗೆ ಅಂತ ಮಾತ್ರ ಎಲ್ಲೂ ಬರೆದಿರೋದಿಲ್ಲ. ಶಿರಸಿಗೆ ರೈಲಿಲ್ಲ. ಹುಬ್ಬಳ್ಳಿ–ಅಂಕೋಲಾ ರೈಲು ನಾನು ಚಡ್ಡಿ ಹಾಕ್ತಿದ್ದ ಕಾಲದಿಂದ "ಬರ್ತದೆ, ಬರ್ತದೆ" ಅಂತಲೇ ಇದೆ, ಅದು ಬಂದರೂ ಶಿರಸಿಗೇನೂ ಬರೋದಿಲ್ಲ ಬಿಡಿ. ಹಾಗಾಗಿ ನಮ್ಮಂಥ ಘಟ್ಟದ ಮೇಲಿನವರಿಗೆ ಮಂಗಳೂರಿನಿಂದ ಕುಮಟೆವರೆಗೆ ರೈಲು, ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ಬಸ್ಸು.

ಇದನ್ನು ನಾನು ಎರಡು ಸಲ ಕೆಡಿಸಿಕೊಂಡು ಕಲಿತದ್ದು.

ಮೊದಲ ಸಲ 300 ಮುಗಿಸಿದಾಗ ಸೈಕಲ್ಲನ್ನು ಲಗೇಜ್ ಅಂತ ಬುಕ್ ಮಾಡಿ, ರೈಲಿನ ಸಾಮಾನು ಬೋಗಿ ಅಂದ್ರೆ ಬ್ರೇಕ್‌ವ್ಯಾನಿಗೆ ಹಾಕಿಸಿದೆ. ಟಿಕೆಟ್ ತೋರಿಸಿ, ದುಡ್ಡು ಕಟ್ಟಿ, ಗೋಣಿ ಸುತ್ತಿ, ಊರಿನ ಹೆಸರು ಬರೆದ ಚೀಟಿ ಕಟ್ಟಿ, ಎಲ್ಲ ಕ್ರಮದಲ್ಲೇ ಆಯಿತು. ನಾನು ತಲೆ ಓಡಿಸದೇ ಇದ್ದದ್ದು ಒಂದೇ ವಿಷಯದಲ್ಲಿ. ಮಂಗಳೂರಲ್ಲಿ ರೈಲು ಹೊರಡುವ ಮೊದಲು ಎಷ್ಟೋ ಹೊತ್ತು ನಿಂತಿರುತ್ತದೆ, ಹತ್ತಿಸೋದು ಸುಲಭ. ಕುಮಟೆಯಲ್ಲಿ ನಿಲ್ಲೋದು ಎರಡು ನಿಮಿಷ. ನನ್ನ ಬೋಗಿ ನಡುವೆ, ಬ್ರೇಕ್‌ವ್ಯಾನ್ ಬಾಲದ ತುದಿಗೆ. ಪೆಡಲಿಗೆ ಸಿಕ್ಕಿಸುವ ಕ್ಲೀಟ್ ಇರುವ ಶೂನಲ್ಲಿ ಪ್ಲಾಟ್‌ಫಾರ್ಮ್ ಮೇಲೆ ಜಾರುತ್ತಾ ಓಡಿ ಹೋಗಿ ನೋಡಿದರೆ ನನ್ನ ಸೈಕಲ್ಲು ಮೀನಿನ ಥರ್ಮಾಕೋಲ್ ಪೆಟ್ಟಿಗೆಗಳ ಹಿಂದೆ, ಹ್ಯಾಂಡಲ್ ತುದಿ ಮಾತ್ರ ಕಾಣಿಸ್ತಿದೆ. ಎರಡು ಪೆಟ್ಟಿಗೆ ಸರಿಸುವಷ್ಟರಲ್ಲಿ ರೈಲು ಹೊರಟಿತು. ಸೈಕಲ್ ಮಡಗಾಂವ್‌ಗೆ ಹೋಯಿತು, ನಾನು ಮನೆಗೆ ಹೋದೆ. ಮರುದಿನ ಹೋಗಿ ತಂದೆ. ಒಂದು ಗೀರೂ ಬಿದ್ದಿರಲಿಲ್ಲ, ಆದರೆ ಒಂದು ವಾರ ಬಂಗಡೆ ವಾಸನೆ. ಅಮ್ಮ ಅದನ್ನು ಜಗಲಿ ಹತ್ತಿಸಲಿಲ್ಲ, ಕೊಟ್ಟಿಗೆ ಹತ್ತಿರ ನಿಲ್ಲಿಸಿ ಅಂದಳು.

ಹಾಗಂತ ಬ್ರೇಕ್‌ವ್ಯಾನೇ ಬೇಡ ಅಂತ ನಾನು ಹೇಳೋದಿಲ್ಲ. ರೈಲು ಹೊರಡುವ ಊರಲ್ಲಿ ಹತ್ತಿ ಕೊನೆಯಾಗುವ ಊರಲ್ಲಿ ಇಳಿಯೋದಾದರೆ ಅದರಷ್ಟು ಆರಾಮ ಯಾವುದೂ ಇಲ್ಲ. ಕಾರವಾರದ ಗೆಳೆಯನೊಬ್ಬ ಬೆಂಗಳೂರಿನ ರೈಡ್ ಮುಗಿಸಿ ಪಂಚಗಂಗಾ ರೈಲಿನಲ್ಲಿ ಹಾಗೇ ತರುತ್ತಾನೆ. ಅದು ಕಾರವಾರದಲ್ಲೇ ಕೊನೆ, ಇಳಿಸೋಕೆ ಅವಸರ ಇಲ್ಲ. ಶಿರವಾಡದಲ್ಲಿರುವ ಕಾರವಾರ ಸ್ಟೇಷನ್‌ನಲ್ಲೇ ಚಕ್ರ ಜೋಡಿಸಿಕೊಂಡು ಪೇಟೆಗೆ ತುಳಿದು ಹೋಗ್ತಾನೆ. ನಡುವಿನ ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳದವರು ಮಾತ್ರ ಹತ್ತು ಸಲ ಯೋಚನೆ ಮಾಡಿ. ಇದೇ ಕೊಂಕಣ ರೈಲ್ವೆ 1999ರಿಂದ ಸರಕು ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ಹತ್ತಿಸಿಕೊಂಡು ಸಾಗಿಸುತ್ತದೆ. ಸಾಲಾಗಿ ನಿಂತ ಲಾರಿಗಳು ರೈಲಲ್ಲಿ ಹೋಗೋದನ್ನು ನೋಡಿದಾಗಲೆಲ್ಲ ನನ್ನ 11 ಕೆಜಿ ಸೈಕಲ್ ನೆನಪಾಗಿ ಸ್ವಲ್ಪ ಹೊಟ್ಟೆ ಉರಿಯುತ್ತದೆ.

ಎರಡನೇ ಸಲ ಇನ್ನೂ ಕೆಟ್ಟದ್ದು. ಸೈಕಲ್ಲನ್ನು ಬೋಗಿಯೊಳಗೇ ಇಟ್ಟುಕೊಂಡು ಕುಮಟೆಯಲ್ಲಿ ಸುರಕ್ಷಿತವಾಗಿ ಇಳಿದೆ. ಆಮೇಲೆ ಬುದ್ಧಿ ಹೋಯಿತು ನೋಡಿ, ಇಷ್ಟು ತುಳಿದವನಿಗೆ ಇನ್ನೊಂದು 60 ಯಾವ ಲೆಕ್ಕ ಅಂತ ಜೋಡಿಸಿಕೊಂಡು ಹೊರಟೇಬಿಟ್ಟೆ. ಕತಗಾಲ ದಾಟಿದ್ದು ನೆನಪಿದೆ. ಆಮೇಲೆ ಒಂದು ತುಂಡು ರಸ್ತೆ ನೆನಪಿಲ್ಲ. ಲಾರಿ ಹಾರ್ನ್ ಕೇಳಿ ಕಣ್ಣು ಬಿಟ್ಟರೆ ನಾನು ರಸ್ತೆಯ ಬಲಗಡೆ ಇದ್ದೆ. ತುಳೀತಾ ಇದ್ದೆ, ಆದರೆ ನಿದ್ದೆಯಲ್ಲಿ. ಸೈಕಲ್ ಇಳಿದು ಮೋರಿ ಕಟ್ಟೆ ಮೇಲೆ ಕೂತೆ, ಕಾಲು ನಡುಗ್ತಾ ಇತ್ತು. ಕೊನೆಗೆ ಬಾಳೆಗೊನೆ ಇಳಿಸಿ ಖಾಲಿ ಹೋಗ್ತಿದ್ದ ಪಿಕಪ್‌ನವರು ಹತ್ತಿಸಿಕೊಂಡರು. ಮನೆಯಲ್ಲಿ ಇದನ್ನು ಇವತ್ತಿನವರೆಗೆ ಹೇಳಿಲ್ಲ. ಕಾರು ತಂದಿಟ್ಟು, ರೈಡ್ ಮುಗಿಸಿ ತಾವೇ ಓಡಿಸಿಕೊಂಡು ಹೋಗುವವರನ್ನು ಕಂಡರೆ ನನಗೆ ಅದಕ್ಕೇ ಹೆದರಿಕೆ. ಸೈಕಲ್‌ನಲ್ಲಿ ನಿದ್ದೆ ಬಂದರೆ ಬೀಳೋದು ನೀವೊಬ್ಬರೇ, ಅಲ್ವಾ?

ಹಾಗಾಗಿ ಈ 400ಕ್ಕೆ ವಾಪಸ್ ಬರುವ ತಯಾರಿಯನ್ನು ಹೊರಡುವ ಮೊದಲೇ ಮಾಡಿದೆ. 27 ಗಂಟೆ ಎದ್ದಿದ್ದವನ ತಲೆಯಲ್ಲಿ ಹೊಸ ವಿಚಾರ ಯಾವುದೂ ಹುಟ್ಟೋದಿಲ್ಲ. ಮೊದಲೇ ಯೋಚನೆ ಮಾಡಿಟ್ಟದ್ದನ್ನು ಯಂತ್ರದ ಹಾಗೆ ಮಾಡ್ತಾ ಹೋಗಬೇಕು ಅಷ್ಟೆ.

ಸ್ಟೇಷನ್‌ಗೆ ನಡೆದು ಹೋಗುವಷ್ಟು ಹತ್ತಿರದ ಲಾಡ್ಜ್ ಹಿಡಿದೆ. ಅಲ್ಲೇ ಒಂದು ಚೀಲ ಬಿಟ್ಟು ಹೊರಟೆ. ಚೀಲದೊಳಗೆ ಒಂದು ಹಳೇ ಡಬಲ್ ಬೆಡ್‌ಶೀಟ್ (ಎರಡು ಬದಿ ಹೊಲಿಸಿ ದೊಡ್ಡ ದಿಂಬಿನ ಕವರಿನ ಹಾಗೆ ಮಾಡಿದ್ದು), ಹಳೇ ಟ್ಯೂಬ್ ಉದ್ದಕ್ಕೆ ಕತ್ತರಿಸಿದ ಆರು ಪಟ್ಟಿ, ಬಟ್ಟೆ, ಹವಾಯಿ ಚಪ್ಪಲಿ, ಅಲೆನ್ ಕೀ, ಪೆಡಲ್ ಸ್ಪ್ಯಾನರ್, ಮತ್ತೆ ಒಂದು ಅಡಿಕೆ ದಬ್ಬೆಯ (ಅಡಿಕೆ ಮರದ ಸೀಳು) ತುಂಡು. ದಬ್ಬೆ ಎಂತಕೆ ಅಂದ್ರೆ, ಮುಂದಿನ ಚಕ್ರ ಬಿಚ್ಚಿದ ಮೇಲೆ ಫೋರ್ಕಿನ ಎರಡು ಕಾಲು ಯಾರಾದರೂ ಒತ್ತಿದರೆ ಒಳಗೆ ಬಾಗಬಹುದು. ನಡುವಿನ ಅಂತರ 100 ಮಿಲಿಮೀಟರ್. ಅಷ್ಟಕ್ಕೇ ಕತ್ತರಿಸಿದ ದಬ್ಬೆ ಚೂರು ಅಲ್ಲಿ ಸಿಕ್ಕಿಸಿ ಟ್ಯೂಬ್ ಪಟ್ಟಿ ಬಿಗಿದರೆ ಸಾಕು. ಅಂಗಡಿಯಲ್ಲಿ ಇದಕ್ಕೂ ಪ್ಲಾಸ್ಟಿಕ್ಕಿನದು ಸಿಗುತ್ತದೆ. ತೋಟ ಇದ್ದವನು ಯಾಕೆ ತಗೊಳ್ಳಬೇಕು?

ಇನ್ನೊಂದು, ಹೊರಡುವ ಹಿಂದಿನ ದಿನ ಎರಡೂ ಪೆಡಲ್ ಬಿಚ್ಚಿ ಗ್ರೀಸ್ ಹಚ್ಚಿ ಮತ್ತೆ ಹಾಕಿದೆ. ಇದು ಬಹಳ ಮುಖ್ಯ. ಇಷ್ಟು ದೂರ ಹ್ಯಾಂಡಲ್ ಮೇಲೆ ಭಾರ ಹಾಕಿದ ಕೈಯಲ್ಲಿ ಕಿರುಬೆರಳು, ಉಂಗುರ ಬೆರಳು ಜೋಮು ಹಿಡಿದಿರುತ್ತವೆ. ಶರ್ಟಿನ ಗುಂಡಿ ಹಾಕೋದೇ ಕಷ್ಟ, ಇನ್ನು ತುಕ್ಕು ಹಿಡಿದು ಕಚ್ಚಿಕೊಂಡ ಪೆಡಲ್ ಎಲ್ಲಿಂದ ಬಿಚ್ಚೋದು? ಎಡಗಡೆ ಪೆಡಲ್ ಉಲ್ಟಾ ಥ್ರೆಡ್ ಅನ್ನೋದೂ ಆ ಹೊತ್ತಿಗೆ ಮರೆತುಹೋಗುತ್ತದೆ. ನಾನು ನೆನಪಿಟ್ಟುಕೊಂಡದ್ದು ಹೀಗೆ: ಸ್ಪ್ಯಾನರ್ ಮೇಲ್ಮುಖ ಇಟ್ಟು ಹಿಂದಿನ ಚಕ್ರದ ಕಡೆ ಎಳೆದರೆ ಎರಡೂ ಬಿಚ್ಚುತ್ತವೆ.

ಮರುದಿನ ಬೆಳಿಗ್ಗೆ 7:40ಕ್ಕೆ ಮುಗಿಸಿದೆ. ರಾತ್ರಿಯ ರೈಡ್ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಕತ್ತಲಲ್ಲಿ ಎರಡೂ ಕಾಣಿಸಲಿಲ್ಲ, ಸಮುದ್ರದ ಸದ್ದು ಮಾತ್ರ ಕೇಳಿಸಿತು. ಲಾಡ್ಜಿಗೆ ಹೋಗಿ ಮಿಂದು, ಬನ್ಸ್ ತಿಂದು, ಎರಡು ಅಲಾರಂ ಇಟ್ಟು, ಅದೂ ಸಾಲದು ಅಂತ ರೂಮ್ ಹುಡುಗನಿಗೆ "ಹನ್ನೊಂದಕ್ಕೆ ಬಾಗಿಲು ಒಡೆಯುವ ಹಾಗೆ ಬಡಿ" ಅಂತ ಹೇಳಿ ಮಲಗಿದೆ. ಅಲಾರಂ ಎರಡೂ ಕೇಳಿಸಲಿಲ್ಲ. ಹುಡುಗ ಬಡಿದದ್ದು ಕೇಳಿಸಿತು.

ಕಟ್ಟೋಕೆ 25 ನಿಮಿಷ ಬೇಕಾಯಿತು. ಎರಡೂ ಚಕ್ರ ಬಿಚ್ಚಿ ಫ್ರೇಮಿನ ಆಚೆಗೊಂದು ಈಚೆಗೊಂದು ಟ್ಯೂಬ್ ಪಟ್ಟಿಯಲ್ಲಿ ಬಿಗಿಯೋದು. ಸೀಟ್ ಪೋಸ್ಟಿಗೆ ಮೊದಲೇ ಟೇಪಿನ ಗುರುತು ಹಾಕಿದ್ದರೆ ಮತ್ತೆ ಎತ್ತರ ಹುಡುಕುವ ಕೆಲಸ ಇಲ್ಲ. ಗೇರ್ ಬದಲಿಸುವ ಹಿಂದಿನ ಡಿರೈಲರ್ ಒಂದೇ ಬೋಲ್ಟು, ಬಿಚ್ಚಿ ಚೈನ್ ಸಮೇತ ಚಿಂದಿ ಬಟ್ಟೆಯಲ್ಲಿ ಸುತ್ತಿ ಫ್ರೇಮಿನ ಒಳಗೆ ಕಟ್ಟಿ. ಬಾಗಿದರೆ ಗೇರ್ ಒಂದೂ ಸರಿ ಕೂರೋದಿಲ್ಲ. ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಇದ್ದರೆ ಚಕ್ರ ಬಿಚ್ಚಿದ ಮೇಲೆ ಅಪ್ಪಿತಪ್ಪಿಯೂ ಲಿವರ್ ಒತ್ತಬೇಡಿ, ಪ್ಯಾಡ್ ಎರಡೂ ಹತ್ತಿರ ಬಂದು ಕೂತುಬಿಡುತ್ತವೆ, ಆಮೇಲೆ ಚಕ್ರ ಒಳಗೆ ಹೋಗೋದಿಲ್ಲ. ನಡುವೆ ಬೆಂಕಿಪೊಟ್ಟಣದ ರಟ್ಟು ಮಡಚಿ ಇಡ್ತೇನೆ ನಾನು.

ಬೋಗಿಯೊಳಗೆ ಒಯ್ಯುವ ಪೆಟ್ಟಿಗೆಗೆ 100 × 60 × 25 ಸೆಂಟಿಮೀಟರ್ ಅಂತ ಅಳತೆ ಇದೆ. ನನ್ನ ಗಂಟು ಇದಕ್ಕಿಂತ ಸ್ವಲ್ಪ ಜಾಸ್ತಿನೇ, ಸುಳ್ಳು ಹೇಳೋದಿಲ್ಲ. ಟಿಟಿಇ ಕೇಳಿದರೆ ಲಗೇಜಿನ ದುಡ್ಡು ಕಟ್ಟೋದು ಅಂತ ತಯಾರಾಗೇ ಹತ್ತೋದು. ವಾದ ಮಾಡೋಕೆ ಹೋಗಬೇಡಿ. ಮಧ್ಯಾಹ್ನದ ರೈಲಿಗೆ ಬೇಗ ಹೋಗಿ ಬೋಗಿಯ ತುದಿಯಲ್ಲಿ, ಯಾರ ಕಾಲಿಗೂ ಸಿಗದ ಹಾಗೆ ಗಂಟು ನಿಲ್ಲಿಸಿ ಕಂಬಿಗೆ ಕಟ್ಟಿದೆ. ಎದುರಿಗೆ ಹೊನ್ನಾವರಕ್ಕೆ ಹೋಗುವ ಒಬ್ಬ ಅಜ್ಜ ಕೂತಿದ್ದರು. ಸುಮಾರು ಹೊತ್ತು ಗಂಟನ್ನೇ ನೋಡಿದರು.

"ಎಂತದು ತಮಾ ಅದು, ಮಿಷನ್ನಾ?"

"ಸೈಕಲ್ಲು ಅಜ್ಜಾ."

"ಸೈಕಲ್ ಇಟ್ಕಂಡು ರೈಲಲ್ಲಿ ಎಂತಕೆ ಹೋಗ್ತೆ?"

"ನಿನ್ನೆಯಿಂದ ಅದರ ಮೇಲೇ ಇದ್ದೆ ಅಜ್ಜಾ, ಸಾಕಾಯ್ತು."

"ಎಲ್ಲಿಗೆ ಹೋಗಿದ್ದೆ?"

"ಕುಮಟೆಗೆ."

"ಈಗ ಎಲ್ಲಿಗೆ?"

"ಕುಮಟೆಗೇ."

ಅಜ್ಜ ಮತ್ತೆ ಮಾತಾಡಲಿಲ್ಲ. ಕವಳದ ಸಂಚಿ ಬಿಚ್ಚಿಕೊಂಡು ಕಿಟಕಿ ಕಡೆ ತಿರುಗಿದರು.

ನಿದ್ದೆ ಹೋದರೆ ಕುಮಟೆ ದಾಟಿ ಕಾರವಾರಕ್ಕೆ ಹೋಗಿಬಿಡ್ತೇನೆ ಅನ್ನೋದೇ ಭಯ. ಇದಕ್ಕೆ ನನ್ನ ಉಪಾಯ ಶರಾವತಿ ಸೇತುವೆ. ಹೊನ್ನಾವರಕ್ಕೆ ಸ್ವಲ್ಪ ಮೊದಲು ಬರುತ್ತದೆ, ಎರಡು ಕಿಲೋಮೀಟರಿಗಿಂತ ಉದ್ದ, ಕೊಂಕಣ ರೈಲ್ವೆಯಲ್ಲೇ ಎಲ್ಲಕ್ಕಿಂತ ಉದ್ದದ ಸೇತುವೆ. ಅದರ ಮೇಲೆ ರೈಲಿನ ಸದ್ದೇ ಬೇರೆ ಆಗುತ್ತದೆ. ಎಂಥ ನಿದ್ದೆಯಲ್ಲಿದ್ದರೂ ಕಿವಿಗೆ ತಾಗುತ್ತದೆ, ನನಗಂತೂ ತಾಗಿತು. ಕಣ್ಣು ಬಿಟ್ಟರೆ ಎರಡೂ ಕಡೆ ನೀರು, ಅಜ್ಜ ಇಳಿಯೋಕೆ ಎದ್ದು ನಿಂತಿದ್ದರು. ಹೊನ್ನಾವರ ಬಿಟ್ಟ ಕೂಡಲೇ ಕಂಬಿಗೆ ಕಟ್ಟಿದ್ದನ್ನು ಬಿಚ್ಚಿ ಗಂಟನ್ನು ಬಾಗಿಲ ಹತ್ತಿರ ತಂದು ನಿಂತೆ. ಎರಡು ನಿಮಿಷದಲ್ಲಿ ಆರಾಮಾಗಿ ಇಳಿದೆ. ಓಡಲಿಲ್ಲ, ಕೂಗಲಿಲ್ಲ.

ಬಸ್‌ಸ್ಟ್ಯಾಂಡಿಗೆ ಆಟೋ. ಶಿರಸಿ ಬಸ್ಸಿನ ವಿಷಯದಲ್ಲಿ ಒಂದು ತೊಂದರೆ ಇದೆ. ಮೊದಲಾದರೆ ಎಲ್ಲ ಬಸ್ಸಿಗೂ ಹಿಂದೆ ಏಣಿ, ಮೇಲೆ ಕ್ಯಾರಿಯರ್ ಇರ್ತಿತ್ತು, ಹಲಸಿನಹಣ್ಣಿನಿಂದ ಹಿಡಿದು ಗೋದ್ರೆಜ್ ಕಪಾಟಿನವರೆಗೆ ಮೇಲೆ ಹೋಗ್ತಿತ್ತು. ಈಗ ಹೊಸ ಬಸ್ಸುಗಳಲ್ಲಿ ಅದಿಲ್ಲ. ಒಂದು ಬಸ್ ಬಿಟ್ಟೆ. ಎರಡನೆಯದರ ಕಂಡಕ್ಟರ್ ಗಂಟಿನ ಕಡೆ ನೋಡಿ, "ಒಡೆಯೋದಿದೆಯಾ ಒಳಗೆ?" ಅಂತ ಕೇಳಿದರು. ಒಡೆಯೋದೇನಿದ್ದರೂ ನಾನು ಮಾತ್ರ ಅಂದೆ. ನಕ್ಕು, ಲಗೇಜ್ ಟಿಕೆಟ್ ಹರಿದು, ಹಿಂದಿನ ಸೀಟಿನ ಪಕ್ಕ ನಿಲ್ಲಿಸೋಕೆ ಹೇಳಿದರು. ಪೂರ್ತಿ ಸೈಕಲ್ ಹಿಡಿದು ನಿಂತಿದ್ದರೆ ಹತ್ತಿಸುತ್ತಿರಲಿಲ್ಲ. ಬಟ್ಟೆ ಸುತ್ತಿದ ಗಂಟಾದರೆ ಅದು ಯಾರದೋ ಮನೆ ಸಾಮಾನು. ಚೈನಿನ ಎಣ್ಣೆ ಬೇರೆಯವರ ಸೀರೆಗೆ ತಾಗದಿದ್ದರೆ ಯಾರೂ ಬೇಡ ಅನ್ನೋದಿಲ್ಲ.

ದೇವಿಮನೆ ತಿರುವುಗಳಲ್ಲಿ ಗಂಟನ್ನು ಮೊಣಕಾಲಿನಲ್ಲಿ ಒತ್ತಿ ಹಿಡಿದು ಕೂತಿದ್ದೆ. ಆ ಲಾರಿ ಹಾರ್ನ್ ಹೊಡೆದ ಜಾಗ ಯಾವುದು ಅಂತ ನೋಡೋಣ ಅಂದುಕೊಂಡೆ. ಎಲ್ಲಾ ತಿರುವೂ ಒಂದೇ ಥರ ಕಂಡವು. ರಾಗಿಹೊಸಳ್ಳಿ ಬರುವಾಗ ತಂಪು ಗಾಳಿ ಬೀಸಿತು, ಮತ್ತೆ ನಿದ್ದೆ. ಶಿರಸಿಯಲ್ಲಿ ಕಂಡಕ್ಟರೇ ಎಬ್ಬಿಸಿದರು. ತಮ್ಮ ಸ್ಕೂಟರ್ ತಂದಿದ್ದ, ಗಂಟನ್ನು ನಡುವೆ ಹಿಡಿದುಕೊಂಡು ಮನೆಗೆ ಬಂದೆ. ಅಮ್ಮ ಮೂಸಿ ನೋಡಿ ಈ ಸಲ ಜಗಲಿ ಹತ್ತಿಸಿದಳು.

ಅಲ್ಲೇ ಅದು ಎಂಟು ದಿನ ಕಟ್ಟು ಬಿಚ್ಚದೆ ಕೂತಿತ್ತು. ಎಂಟನೇ ದಿನ ಬಿಚ್ಚಿದರೆ ಹ್ಯಾಂಡಲ್ ಬ್ಯಾಗಿನಲ್ಲಿ ಬೈಂದೂರಿನಲ್ಲಿ ತಗೊಂಡ ಎರಡು ಬಾಳೆಹಣ್ಣು. ಹಣ್ಣು ಅನ್ನೋ ಹಾಗಿರಲಿಲ್ಲ. ಸೈಕಲ್ ಈಗ ಮತ್ತೆ ಕೊಟ್ಟಿಗೆ ಹತ್ತಿರ ಇದೆ.