ಶುಗರ್ ಇದ್ದವರಿಗೆ ಹೆಗಲು ಹಿಡಿದರೆ: ಯಾವಾಗ ಎಳೆಯಬೇಕು, ಯಾವಾಗ ಬಿಡಬೇಕು

ತಲೆ ಬಾಚಲು ಕೈ ಎತ್ತಿದರೆ ಹೆಗಲಲ್ಲಿ ಚುಳ್ ಎನ್ನುತ್ತದೆ. ಬೆನ್ನ ಹಿಂದಕ್ಕೆ ಕೈ ಹೋಗುವುದೇ ಇಲ್ಲ. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ನಿದ್ದೆ ಕೆಟ್ಟಂತೆಯೇ. ಇದು ಫ್ರೋಜನ್ ಶೋಲ್ಡರ್, ಅಂದರೆ ಹೆಗಲ ಕೀಲು ಬಿಗಿದುಕೊಳ್ಳುವ ತೊಂದರೆ ಇರಬಹುದು. ಇದು ಸಾಮಾನ್ಯವಾಗಿ ನೂರಕ್ಕೆ 2ರಿಂದ 5 ಜನರಿಗೆ ಬರುತ್ತದೆ. ಶುಗರ್ ಇದ್ದವರಲ್ಲಿ ಇದು 10ರಿಂದ 20ರಷ್ಟು. 40ರಿಂದ 60 ವಯಸ್ಸಿನಲ್ಲಿ ಜಾಸ್ತಿ, ಹೆಂಗಸರಲ್ಲಿ ಇನ್ನೂ ಜಾಸ್ತಿ. ಹೆಗಲ ಕೀಲನ್ನು ಸುತ್ತಿರುವ ಪೊರೆ ಉರಿಯೂತದಿಂದ ದಪ್ಪವಾಗಿ, ಕುಗ್ಗಿಬಿಡುತ್ತದೆ. ವರ್ಷಗಟ್ಟಲೆ ಜಾಸ್ತಿ ಇದ್ದ ಸಕ್ಕರೆ ಆ ಪೊರೆಯ ಕೊಲಾಜನ್ ಎಂಬ ಪ್ರೋಟೀನ್ ಎಳೆಗಳಿಗೆ ಅಂಟಿಕೊಂಡು ಅವನ್ನು ಗಡಸು ಮಾಡುವುದೂ ಇದಕ್ಕೆ ಕಾರಣ ಎನ್ನುತ್ತಾರೆ.

ಮೊದಲು ಖಚಿತ ಮಾಡಿಕೊಳ್ಳಿ

ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಮಡಚಿ. ಈಗ ಅಂಗೈಯನ್ನು ಹೊರಗಡೆಗೆ ಸರಿಸಿ. ಬೇರೆಯವರು ಮೆಲ್ಲಗೆ ಸರಿಸಿದರೂ ಕೈ ಹೋಗುತ್ತಿಲ್ಲವೇ? ಹಾಗಿದ್ದರೆ ಫ್ರೋಜನ್ ಶೋಲ್ಡರ್ ಅನುಮಾನ ಗಟ್ಟಿ. ಎಕ್ಸ್-ರೇಯಲ್ಲಿ ಇದು ಕಾಣುವುದಿಲ್ಲ. ಬೇರೆ ಕಾಯಿಲೆ ಇಲ್ಲವೆಂದು ನೋಡಲಷ್ಟೇ ಅದನ್ನು ತೆಗೆಸುತ್ತಾರೆ. ಥೈರಾಯ್ಡ್ ತೊಂದರೆಗೂ ಇದಕ್ಕೂ ನಂಟಿದೆ, ಅದನ್ನೂ ಕೇಳಿ ನೋಡಿ.

ಹೆಗಲು ನೋವಿನ ಜೊತೆ ಎದೆ ಬಿಗಿತ, ಬೆವರು ಅಥವಾ ಉಸಿರಾಟದ ತೊಂದರೆ ಇದ್ದರೆ ವ್ಯಾಯಾಮದ ಮಾತೇ ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ. ಶುಗರ್ ಇದ್ದವರಲ್ಲಿ ಹೃದಯಾಘಾತ ಎದೆನೋವಿಲ್ಲದೆಯೂ ಬರಬಹುದು. ಜ್ವರದ ಜೊತೆ ಹೆಗಲು ಕೆಂಪಾಗಿ ಊದಿದ್ದರೂ ಕಾಯಬೇಡಿ.

ಯಾವ ಹಂತ ಎಂದು ನೋಡಿ

ಎಲ್ಲರೂ ಎಡವುವುದು ಇಲ್ಲೇ. ಮೊದಲ ಕೆಲವು ತಿಂಗಳು ನೋವೇ ಮುಖ್ಯ. ಆಮೇಲೆ ನೋವು ಇಳಿಯುತ್ತದೆ, ಬಿಗಿತ ಉಳಿಯುತ್ತದೆ. ಕೊನೆಗೆ ನಿಧಾನವಾಗಿ ಸಡಿಲವಾಗುತ್ತದೆ. ಎಲ್ಲ ಸೇರಿ ಒಂದರಿಂದ ಮೂರು ವರ್ಷ ಹಿಡಿಯಬಹುದು, ಶುಗರ್ ಇದ್ದವರಿಗೆ ಇನ್ನೂ ತಡ. ನೋವಿನ ಹಂತದಲ್ಲಿ ಯಾರೋ ಬಲವಾಗಿ ಕೈ ಎಳೆದು "ಬಿಡಿಸಿದರೆ" ಉರಿಯೂತ ಕೆರಳುತ್ತದೆ ಅಷ್ಟೇ. ಹಾಗಂತ ಕೈಯನ್ನು ಜೋಲಿಗೆ ಹಾಕಿ ಸುಮ್ನೆ ಇಟ್ಟುಕೊಂಡರೂ ಬಿಗಿತ ಹೆಚ್ಚುತ್ತದೆ.

ವ್ಯಾಯಾಮ

ನೋವಿನ ಹಂತದಲ್ಲಿ ಲೋಲಕದ ವ್ಯಾಯಾಮ ಸಾಕು. ಒಳ್ಳೆಯ ಕೈಯನ್ನು ಮೇಜಿನ ಮೇಲೂರಿ ಮುಂದಕ್ಕೆ ಬಾಗಿ. ನೋವಿನ ಕೈಯನ್ನು ಇಳಿಬಿಟ್ಟು, ಮೈಯ ತೂಗಾಟದಿಂದಲೇ ಅದು ಸಣ್ಣ ಸುತ್ತು ಹಾಕಲಿ. ದಿನಕ್ಕೆ ಎರಡು ಮೂರು ಸಲ, ಒಂದೆರಡು ನಿಮಿಷ.

ನೋವು ತಗ್ಗಿ ಬಿಗಿತ ಉಳಿದಾಗ ಎಳೆತ ಶುರು ಮಾಡಿ. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಮೇಲಕ್ಕೆ ನಡೆಸಿ. ಮಲಗಿಕೊಂಡು ಎರಡೂ ಕೈಯಲ್ಲಿ ಕೋಲು ಹಿಡಿದು, ಒಳ್ಳೆಯ ಕೈಯಿಂದ ನೋವಿನ ಕೈಯನ್ನು ಹೊರಕ್ಕೆ ತಳ್ಳಿ. ಟವೆಲನ್ನು ಬೆನ್ನ ಹಿಂದೆ ಹಿಡಿದು ಮೇಲಿನ ಕೈಯಿಂದ ಕೆಳಗಿನ ಕೈಯನ್ನು ಎಳೆಯಿರಿ. ಪ್ರತಿ ಎಳೆತವನ್ನು 15ರಿಂದ 30 ಸೆಕೆಂಡ್ ಹಿಡಿಯಿರಿ. ಎಳೆದಂತೆ ಅನ್ನಿಸಬೇಕು, ಚುಚ್ಚಬಾರದು. ವ್ಯಾಯಾಮದ ನೋವು ರಾತ್ರಿವರೆಗೂ ಉಳಿದರೆ ನಾಳೆ ಅರ್ಧಕ್ಕೆ ಇಳಿಸಿ. ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ಕಲಿತುಕೊಂಡರೆ ಇನ್ನೂ ಒಳ್ಳೆಯದು.

ಮೊದಲು ಬಿಸಿ ಶಾಖ ಕೊಟ್ಟರೆ ಸ್ವಲ್ಪ ಸಲೀಸು. ಆದರೆ ಶುಗರ್‌ನಿಂದ ನರಗಳು ಮಂದವಾಗಿ ಸ್ಪರ್ಶ ಸರಿಯಾಗಿ ತಿಳಿಯದವರಿಗೆ ಬಿಸಿ ಗೊತ್ತಾಗದೆ ಸುಡಬಹುದು. ಬಟ್ಟೆ ಸುತ್ತಿ, 10-15 ನಿಮಿಷ ಇಟ್ಟು ತೆಗೆಯಿರಿ.

ಮಾತ್ರೆ, ಇಂಜೆಕ್ಷನ್

ಐಬುಪ್ರೊಫೆನ್, ಡೈಕ್ಲೋಫಿನಾಕ್‌ನಂಥ ನೋವಿನ ಮಾತ್ರೆಗಳನ್ನು ನೀವಾಗಿಯೇ ನುಂಗಬೇಡಿ. ಮೂತ್ರಪಿಂಡಕ್ಕೆ ಈಗಾಗಲೇ ಪೆಟ್ಟು ಬಿದ್ದಿದ್ದರೆ ಅವು ಇನ್ನೂ ಹಾಳು ಮಾಡುತ್ತವೆ. ಬಿಪಿಯೂ ಏರಬಹುದು.

ಕೀಲಿಗೆ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ ಎಂದರೆ ಶುಗರ್ ಇದ್ದವರು ಬೆಚ್ಚುತ್ತಾರೆ. ಅಷ್ಟು ಹೆದರಬೇಕಿಲ್ಲ, ತಯಾರಿ ಬೇಕು. ನೋವಿನ ಹಂತದಲ್ಲೇ ಕೊಟ್ಟರೆ ಅದರಿಂದ ಹೆಚ್ಚು ಲಾಭ. ಚುಚ್ಚಿದ ಮೇಲೆ ಕೆಲವು ದಿನ, ಕೆಲವರಿಗೆ ಒಂದು ವಾರ, ಶುಗರ್ ಏರುತ್ತದೆ. ಮೊದಲೇ ವೈದ್ಯರಿಗೆ ನಿಮ್ಮ ಈಚಿನ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತ ಪರೀಕ್ಷೆ) ತೋರಿಸಿ. ಆ ವಾರ ದಿನಕ್ಕೆ ಎರಡು ಮೂರು ಸಲ ಗ್ಲುಕೋಮೀಟರ್‌ನಲ್ಲಿ ನೋಡಿ. ಎಷ್ಟು ಏರಿದರೆ ಫೋನ್ ಮಾಡಬೇಕು, ಇನ್ಸುಲಿನ್ ಅಥವಾ ಮಾತ್ರೆ ಬದಲಿಸಬೇಕೇ ಎಂದು ಚುಚ್ಚಿಸಿಕೊಳ್ಳುವ ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಿ. ಇಂಜೆಕ್ಷನ್ ನೋವು ತಗ್ಗಿಸುವುದು ಕೆಲವು ವಾರ ಮಾತ್ರ. ಆ ವಾರಗಳಲ್ಲಿ ವ್ಯಾಯಾಮ ಮಾಡದಿದ್ದರೆ ಚುಚ್ಚಿಸಿಕೊಂಡದ್ದು ಅರ್ಧ ದಂಡ.

ಶುಗರ್ ಹತೋಟಿಗೆ ಬಂದ ಮಾತ್ರಕ್ಕೆ ನಾಳೆಯೇ ಹೆಗಲು ಸಡಿಲವಾಗುವುದಿಲ್ಲ. ಆದರೂ ಮುಂದೊಂದು ದಿನ ಆಪರೇಷನ್ ಬೇಕಾದರೆ ಸೋಂಕು ತಗುಲದಿರಲು ಆ ಹತೋಟಿ ಬೇಕೇ ಬೇಕು.

ತಿಂಗಳುಗಟ್ಟಲೆ ಹೀಗೆ ಮಾಡಿಯೂ ಕೈ ಏಳದಿದ್ದರೆ ಬೇರೆ ದಾರಿಗಳಿವೆ: ಕೀಲಿಗೆ ದ್ರವ ತುಂಬಿ ಪೊರೆಯನ್ನು ಹಿಗ್ಗಿಸುವುದು, ಅರಿವಳಿಕೆ ಕೊಟ್ಟು ಕೈಯನ್ನು ಬಿಡಿಸುವುದು, ಕೀಲುದರ್ಶಕದ (ಸಣ್ಣ ರಂಧ್ರದಿಂದ ಕೀಲಿನೊಳಗೆ ತೂರಿಸುವ ಕ್ಯಾಮೆರಾ ಕೊಳವೆ) ಮೂಲಕ ಪೊರೆಯನ್ನು ಕತ್ತರಿಸಿ ಸಡಿಲಿಸುವುದು. ಇವುಗಳಲ್ಲಿ ಯಾವುದನ್ನು ಮಾಡಿಸಿಕೊಂಡರೂ ಮಾರನೇ ದಿನದಿಂದಲೋ ಆ ವಾರದಲ್ಲೋ ಮತ್ತೆ ಅದೇ ಗೋಡೆ, ಅದೇ ಕೋಲು, ಅದೇ ಟವೆಲ್.