ನೆಟ್ ಪದೇ ಪದೇ ಕಟ್ ಆಗ್ತಿದ್ರೆ ಮೊದಲು ಎಲ್ಲಿ ನೋಡಬೇಕು

ನೆಟ್ ಹೋದ ತಕ್ಷಣ ರೌಟರ್ ಆಫ್ ಮಾಡಬೇಡಿ. ಮೊದಲು ದೀಪ ನೋಡಿ. ಫೈಬರ್ ಡಬ್ಬಿಯಲ್ಲಿ, ಅಂದರೆ ಹೊರಗಿನ ಫೈಬರ್ ವೈರು ಬಂದು ಸೇರುವ ಡಬ್ಬಿಯಲ್ಲಿ, ಎಲ್‌ಒಎಸ್ ಎಂಬ ದೀಪ ಕೆಂಪಗೆ ಮಿನುಗುತ್ತಿದ್ದರೆ ಹೊರಗಿನಿಂದ ಸಿಗ್ನಲ್ಲೇ ಬರುತ್ತಿಲ್ಲ. ಆಗ ಸುಮ್ನೆ ರೀಸ್ಟಾರ್ಟ್ ಮಾಡಿ ಪ್ರಯೋಜನ ಇಲ್ಲ. ನಮ್ಮ ಬಸವನಗುಡಿ ಕಡೆ ಕೇಬಲ್ಲುಗಳು ಮರದಿಂದ ಮರಕ್ಕೆ ತೂಗಾಡುತ್ತವೆ. ಮೇ ತಿಂಗಳ ಮಳೆಗೆ ಒಂದು ಕೊಂಬೆ ಬಿದ್ದರೆ ಸಾಕು. ಮನೆಯೊಳಗೂ ನೋಡಿ. ಸೋಫಾ ಹಿಂದೆ ಆ ತೆಳು ಫೈಬರ್ ವೈರು ಮಡಚಿಕೊಂಡಿದೆಯಾ? ಅದರೊಳಗೆ ಇರುವುದು ಗಾಜಿನ ಎಳೆ. ಚೂಪಾಗಿ ಬಗ್ಗಿದರೆ ಬೆಳಕು ಸೋರಿಹೋಗುತ್ತದೆ. ಕಿತ್ತು ಅದರ ತುದಿಯೊಳಗೆ ಇಣುಕಬೇಡಿ, ಲೇಸರ್ ಕಾಣಿಸದಿದ್ದರೂ ಕಣ್ಣಿಗೆ ಅಪಾಯ.

ದೀಪ ಸರಿಯಿದ್ದೂ ಕಟ್ ಆಗ್ತಿದೆಯಾ? ಲ್ಯಾಪ್‌ಟಾಪಿಗೆ ರೌಟರಿನಿಂದ ನೇರವಾಗಿ ಲ್ಯಾನ್ ಕೇಬಲ್ ಹಾಕಿ ಒಂದಷ್ಟು ಹೊತ್ತು ಕೆಲಸ ಮಾಡಿ. ಆಗ ನಿಲ್ಲದೆ ನಡೆದರೆ ತೊಂದರೆ ವೈಫೈನದ್ದು. ಅಪಾರ್ಟ್‌ಮೆಂಟುಗಳಲ್ಲಿ ಇದೇ ಜಾಸ್ತಿ. ವೈಫೈ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ರೇಡಿಯೋ ಪಟ್ಟಿಗಳಲ್ಲಿ ಓಡುತ್ತದೆ, ಪ್ರತಿ ಪಟ್ಟಿಯಲ್ಲೂ ಚಾನೆಲ್ ಎಂಬ ದಾರಿಗಳಿವೆ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಅಕ್ಕಪಕ್ಕದ ಮನೆಗಳ ವೈಫೈ ಎಲ್ಲ ಅವುಗಳಲ್ಲೇ ಇರುತ್ತದೆ, ಅಲ್ವಾ? ರೌಟರ್ ಸೆಟ್ಟಿಂಗಿನಲ್ಲಿ ಚಾನೆಲ್ ಬದಲಿಸಿ ನೋಡಿ. ರೌಟರ್ ಇರುವ ರೂಮಿನಲ್ಲೇ ಕೆಲಸ ಮಾಡುವವರು 5 ಗಿಗಾಹರ್ಟ್ಸ್ ಬಳಸಿ. ಅದು ಗೋಡೆ ದಾಟುವುದು ಕಡಿಮೆ.

ಕರೆಂಟ್ ಒಂದು ಕ್ಷಣ ಹೋಗಿ ಬಂದರೂ ರೌಟರ್ ಏಳಲು ಕೆಲವು ನಿಮಿಷ ಬೇಕು. ಅಮ್ಮ ಡಾಕ್ಟರ್ ಜೊತೆ ವೀಡಿಯೊ ಕಾಲ್‌ನಲ್ಲಿದ್ದಾಗ ಹೀಗಾಯಿತು. ಮಾರನೇ ದಿನವೇ ರೌಟರಿನ ಚಿಕ್ಕ ಯುಪಿಎಸ್ ತಂದೆ. ಅಡಾಪ್ಟರ್ ಮೇಲಿನ ವೋಲ್ಟ್, ಆಂಪಿಯರ್ ಓದಿಕೊಂಡೇ ಕೊಳ್ಳಿ. ಫೈಬರ್ ಡಬ್ಬಿ ಬೇರೆ ಇದ್ದರೆ ಅದಕ್ಕೂ ಬೇಕು.

ಕಂಪನಿಗೆ ಫೋನ್ ಮಾಡಿದಾಗ ಕಟ್ ಆದ ಹೊತ್ತು, ಆಗಿನ ದೀಪದ ಬಣ್ಣ ಹೇಳಿ. ದೂರಿನ ಡಾಕೆಟ್ ನಂಬರ್ ಬರೆದುಕೊಳ್ಳದೆ ಫೋನ್ ಇಡಬೇಡಿ.